ಅಪ್‌ಡೇಟ್: ತಪ್ಪು ಸರ್ವರ್‌ದಲ್ಲ, ಬೀರುವಿನದು

ತುಮಕೂರಿನ ನಮ್ಮ ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಸರ್ವರ್‌ಗೆ ಹಾಕಿದರೆ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ ಅಂತ ಕೇಳಿದ್ದೆನಲ್ಲ, ಸರಿಹೋಯಿತು. ಸುಮ್ನೆ ಹಾರ್ಡ್ ಡಿಸ್ಕ್ ಮೇಲೆ ಅನುಮಾನಪಟ್ಟು, ಫೈಲ್ ಹಂಚುವ ಸಾಫ್ಟ್‌ವೇರ್ ಸಾಂಬಾದ ಸೆಟ್ಟಿಂಗ್ ಎಲ್ಲ ಕೆದಕಿ ಎರಡು ರಾತ್ರಿ ಹಾಳು ಮಾಡಿಕೊಂಡೆ.

ನಿಮ್ಮಲ್ಲೊಬ್ಬರು ಹೇಳಿದಂತೆ, ನೆಟ್‌ವರ್ಕ್ ವೇಗ ತೋರಿಸುವ ಎತ್‌ಟೂಲ್ ಓಡಿಸಿದೆ. ಸ್ಪೀಡ್ ಸೆಕೆಂಡಿಗೆ 1000 ಮೆಗಾಬಿಟ್ ಇರಬೇಕಾದ ಕಡೆ 100! ಎಂಟು ಬಿಟ್‌ಗೆ ಒಂದು ಬೈಟ್, ಎಂಟರಿಂದ ಭಾಗಿಸಿದರೆ 12.5 ಎಂಬಿಯೇ ಮಿತಿ. ಲೆಕ್ಕ ಕಣ್ಣೆದುರೇ ಇತ್ತು, ಅಲ್ವಾ?

ಕೇಬಲ್ ಹಿಡಿದುಕೊಂಡು ಹೋದರೆ ಬೀರುವಿನ ಕಾಲಿನಡಿ ಚಪ್ಪಟೆಯಾಗಿ ಬಿದ್ದಿತ್ತು. ಮೇಲಿನ ಸಿಪ್ಪೆ ಬಿಚ್ಚಿದೆ. ಕಂದು ಜೋಡಿಯಲ್ಲಿ ಒಂದು ತಂತಿ ತುಂಡು. ಗಿಗಾಬಿಟ್‌ಗೆ (ಅಂದರೆ 1000ಕ್ಕೆ) ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಅದಕ್ಕೇ ಪೂರ್ತಿ ನಿಲ್ಲದೆ ಕುಂಟುತ್ತಿತ್ತು.

ಹೊಸ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದೆ. ಈಗ ಸೆಕೆಂಡಿಗೆ 110 ಎಂಬಿ. ಬೀರು ಅಲ್ಲಿಗೆ ಸರಿಸಿದ್ದು ನಾನೇ, ಅಪ್ಪನಿಗೆ ಮಾತ್ರ ಇನ್ನೂ ಹೇಳಿಲ್ಲ.