ಎಡಗಡೆ ಟೇಲ್‌ಲೈಟಿನಲ್ಲಿ ಮೂರು ಎಲ್‌ಇಡಿ ಹತ್ತುತ್ತಿಲ್ಲ: ಅನುಭವ ಇದ್ದವರು ಹೇಳಿ

ರಾಜಾಜಿನಗರ ಸೆಡಾನ್: ಪಕ್ಕಪಕ್ಕದ ಮೂರು ಎಲ್‌ಇಡಿ ಆಫ್, ಮಿಕ್ಕವು ಸರಿ. ವಾರಂಟಿ ಮುಗಿದಿದೆ. ಪೂರ್ತಿ ಅಸೆಂಬ್ಲಿಗೆ ₹11,400 ಅಂತಾರೆ. ಬೋರ್ಡ್ ಮಾತ್ರ ರಿಪೇರಿ ಆಗುತ್ತಾ?

ಸೋಲ್ಡರ್ ಸೀನ: ಮೂರೂ ಸತ್ತಿರಲ್ಲ ಗುರೂ. ಸೀರೀಸಲ್ಲಿ, ಅಂದ್ರೆ ಒಂದರ ಹಿಂದೊಂದು ಸರಪಳಿ ಥರ ಇರುವಾಗ, ಒಂದು ಕಡಿದ್ರೆ ಮೂರೂ ಮಲಗ್ತವೆ. ಮಲ್ಟಿಮೀಟರ್ ಡಯೋಡ್ ಮೋಡಲ್ಲಿಟ್ಟು ಒಂದೊಂದಕ್ಕೂ ಪ್ರೋಬ್ ಇಡಿ. ಚೆನ್ನಾಗಿರೋ ಕೆಂಪು ಎಲ್‌ಇಡಿ ಮಂಕಾಗಿ ಹೊಳೆದು 1.8 ವೋಲ್ಟಿನ ಆಸುಪಾಸು ತೋರಿಸುತ್ತೆ, ಸತ್ತಿದ್ದು ಸುಮ್ಮನಿರುತ್ತೆ. ಮೂರೂ ಹೊಳೆದ್ರೆ ಕರೆಂಟ್ ಮಿತಿಯಲ್ಲಿಡೋ ರೆಸಿಸ್ಟರ್ ನೋಡಿ, ಇಲ್ಲಾ ಬಿರುಕು ಬಿಟ್ಟ ಬೆಸುಗೆ. ನಂದು ಎಸ್.ಪಿ. ರಸ್ತೆಯಲ್ಲಿ ಹತ್ತು ಎಲ್‌ಇಡಿ ₹120, ಲೆನ್ಸ್ ಮತ್ತೆ ಅಂಟಿಸೋ ಬ್ಯುಟೈಲ್ ಹಗ್ಗ ₹350, ಒಟ್ಟು ₹470. ಮೊದಲು ತಂದಿದ್ದು ಜಾಸ್ತಿ ಪ್ರಖರ. ಸಾಲಿನ ಮಧ್ಯೆ ಅದೊಂದೇ ಹಣೆಬೊಟ್ಟಿನ ಹಾಗೆ ಉರೀತಿತ್ತು. ಕಿತ್ತು ಮತ್ತೆ ಹಾಕಿದ್ದಾಯ್ತು.

ಜೆ.ಸಿ. ರಸ್ತೆ ಗಿರಾಕಿ: ಬಿಚ್ಚೋ ಮೊದಲು ಅರ್ತ್ ನೋಡ್ರಿ! ನಮ್ಮದರಲ್ಲಿ ಬ್ರೇಕ್ ತುಳಿದ್ರೆ ಇಂಡಿಕೇಟರ್ ಮಿಣುಕ್ತಿತ್ತು. ಬ್ರೇಕ್ ಒತ್ತಿಟ್ಟು ಲ್ಯಾಂಪಿನ ಅರ್ತ್ ಪಿನ್ನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದರೆ 1.9 ವೋಲ್ಟ್. 0.2 ದಾಟಬಾರದು. ಡಿಕ್ಕಿ ಕಾರ್ಪೆಟ್ ಕೆಳಗೆ ಅರ್ತ್ ಬೋಲ್ಟ್ ತುಕ್ಕು ಹಿಡಿದಿತ್ತು, ಉಪ್ಪುಕಾಗದದಲ್ಲಿ ಉಜ್ಜಿದ್ದಷ್ಟೇ. ಅಷ್ಟು ಗೊತ್ತಾಗೋ ಹೊತ್ತಿಗೆ ಅಸೆಂಬ್ಲಿಗೆ ₹9,800, ಫಿಟ್ಟಿಂಗಿಗೆ ₹600 ಹೋಗಿತ್ತು.

ಸೋಲ್ಡರ್ ಸೀನ: ಅವರು ಕೇಳಿದ್ದು ಮೂರು ಚುಕ್ಕಿ ಸ್ವಾಮಿ. ಅರ್ತ್ ಹೋದ್ರೆ ಅದೊಂದು ಸಾಲು ಮಾತ್ರ ಯಾಕೆ ಆರುತ್ತೆ?

ಹ್ಯಾಚ್‌ಬ್ಯಾಕ್ ಹನುಮ: ಸೀನಣ್ಣ, ಬ್ಯುಟೈಲ್ ಅಂದ್ರಲ್ಲ, ಎಷ್ಟೋ ಟೇಲ್‌ಲೈಟಲ್ಲಿ ಲೆನ್ಸ್ ಅಂಟಿಸಿರಲ್ಲ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬೆಸೆದಿರ್ತಾರೆ. ಎಷ್ಟು ಕಾಯಿಸಿದರೂ ಬಿಡಲ್ಲ. 100 ಡಿಗ್ರಿ ಹತ್ತಿರ ಅಕ್ರಿಲಿಕ್ ಲೆನ್ಸೇ ಸೊಟ್ಟಗಾಗುತ್ತೆ. ಅಂಚಿನಲ್ಲಿ ಬ್ಲೇಡಿಂದ ಕತ್ತರಿಸಬೇಕು. ನಾನು ಮುಚ್ಚಿದ್ದು ಬಾತ್‌ರೂಮ್ ಸಿಲಿಕೋನಲ್ಲಿ. ವಿನೆಗರ್ ವಾಸನೆ ಬರೋದು. ಆ ಆಮ್ಲದ ಹಬೆಗೆ ಎರಡು ತಿಂಗಳಲ್ಲಿ ಕನೆಕ್ಟರ್ ಪಿನ್ ಹಸಿರಾಯ್ತು. ಮೇ ತಿಂಗಳ ಮಳೆಗೆ ಒಳಗೆಲ್ಲಾ ಹನಿ. ಆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ತಗೊಳ್ಳಿ, ಹಿಂದಿನ ಉಸಿರುಕಿಂಡಿ ಮುಚ್ಚಬೇಡಿ.

ಸೋಲ್ಡರ್ ಸೀನ: ಅಗ್ಗದ ಟ್ಯೂಬ್ ತಂದವರು ನೀವು, ಬೈಗುಳ ರಿಪೇರಿಗಾ?

ಹ್ಯಾಚ್‌ಬ್ಯಾಕ್ ಹನುಮ: ಹೋದ ವಾರ ಮೂರು ಎಲ್‌ಇಡಿ ಸಾಲಿಗೆ 220 ಓಮ್ ರೆಸಿಸ್ಟರ್ ಹಾಕಿ ಅಂತ ಬರೆದವರು ಯಾರಣ್ಣ? ಅದು 12 ವೋಲ್ಟಿನ ಲೆಕ್ಕ. ಗಾಡಿ ಸ್ಟಾರ್ಟಲ್ಲಿದ್ರೆ 14.4. ಮೂರು ಎಲ್‌ಇಡಿಗೆ 6.6, ಸಾಲಿನಲ್ಲಿರೋ ರಕ್ಷಣೆಯ ಡಯೋಡಿಗೆ 0.7 ಕಳೆದರೆ 7.1 ಉಳೀತು, 220ರಲ್ಲಿ 32 ಮಿಲಿಆಂಪ್, 20ರ ಎಲ್‌ಇಡಿ ಸುಟ್ಟೇ ಸುಡುತ್ತೆ. 390 ಹಾಕಿ, 18 ಬರುತ್ತೆ.

ಸೋಲ್ಡರ್ ಸೀನ: ಬೆಂಚಲ್ಲಿ ಟೆಸ್ಟ್ ಮಾಡೋಕೆ ಅಂದಿದ್ದೆ. ಪೂರ್ತಿ ಓದಿ.

ಡ್ರೈವರ್ ಐಸಿ: ಇಬ್ಬರೂ ನಿಲ್ಲಿಸಿ. ಈಗಿನ ಎಷ್ಟೋ ಗಾಡಿಲಿ ರೆಸಿಸ್ಟರ್ ಬದಲು ಕರೆಂಟ್ ತಾನೇ ಹದದಲ್ಲಿಡೋ ಲೀನಿಯರ್ ಡ್ರೈವರ್ ಚಿಪ್. ಅಲ್ಯೂಮಿನಿಯಂ ಬೋರ್ಡಾದ್ರೆ ಅಡಿಯಿಂದ 100 ಡಿಗ್ರಿಗೆ ಕಾಯಿಸದೆ ಸೋಲ್ಡರಿಂಗ್ ಐರನ್ ಇಟ್ರೆ ಬೆಸುಗೆ ಕೂರೋ ತಾಮ್ರದ ಪ್ಯಾಡೇ ಎದ್ದು ಬರುತ್ತೆ. ನನ್ನ ಬಲಗಡೆ ಬೋರ್ಡ್ ಹೋಗಿದ್ದೇ ಹಾಗೆ. ಬದಲಿಗೆ ಶಿವಾಜಿನಗರದ ಗುಜರಿಯಲ್ಲಿ ತಗೊಂಡಿದ್ದಕ್ಕೆ ₹3,200.

ಜೆ.ಸಿ. ರಸ್ತೆ ಗಿರಾಕಿ: ಗುಜರಿಗೆ ₹3,200 ಕೊಟ್ರಾ? ಚೌಕಾಸಿ ಮಾಡಲೇ ಇಲ್ವಾ?