ಏಳು ಗುರಿ ಬರೆದೆ, ಮುಗಿದದ್ದು ಒಂದೇ. 2026ಕ್ಕೆ ಎಷ್ಟು ಬರೆಯಲಿ? ಅನುಭವ ಇದ್ದವರು ಹೇಳಿ

ಬೆಣ್ಣೆದೋಸೆ ಊರಿನವಳು:
ಎಲ್ಲರಿಗೂ ನಮಸ್ಕಾರ. ದಾವಣಗೆರೆ, ವಯಸ್ಸು 36, ಕಚೇರಿ ಕೆಲಸ, ಇಬ್ಬರು ಮಕ್ಕಳು. 2025ರ ಜನವರಿ 1ರಂದು ಡೈರಿಯ ಮೊದಲ ಪುಟದಲ್ಲಿ ಏಳು ಗುರಿ ಬರೆದೆ. ಎಂಟು ಕೆಜಿ ತೂಕ ಇಳಿಸುವುದು, 12 ಪುಸ್ತಕ ಓದುವುದು, ಆಪತ್ತಿಗೆಂದು 60,000 ರೂಪಾಯಿ ಕೂಡಿಡುವುದು, ಕಾರು ಕಲಿಯುವುದು, ಊಟದ ಹೊತ್ತಿಗೆ ಮನೆಯಲ್ಲಿ ಯಾರೂ ಮೊಬೈಲ್ ಮುಟ್ಟದಿರುವುದು, ಇಂಗ್ಲಿಷ್ ಮಾತನಾಡುವುದು, ಬೆಳಿಗ್ಗೆ ಐದಕ್ಕೆ ಏಳುವುದು. ಡ್ರೈವಿಂಗ್ ಲೈಸೆನ್ಸ್ ಬಂತು. ಉಳಿದ ಆರು ಹಾಗೆಯೇ ಇವೆ. ಮಾರ್ಚ್ ಆದ ಮೇಲೆ ಆ ಪುಟವನ್ನೇ ತೆರೆದಿಲ್ಲ. ಕೇಳುವುದು ಮೂರೇ ಮಾತು: ಎಷ್ಟು ಗುರಿ ಬರೆಯಬೇಕು? ವಾರಕ್ಕೊಮ್ಮೆ ತಿರುಗಿ ನೋಡಬೇಕೋ ತಿಂಗಳಿಗೊಮ್ಮೆಯೋ? ಮುಗಿಯದೆ ಉಳಿದವನ್ನು ಹೊಸ ವರ್ಷಕ್ಕೆ ಎಳೆದುಕೊಂಡು ಬರಬೇಕೋ, ಬಿಟ್ಟುಬಿಡಬೇಕೋ?

ಎಡ ಮೊಣಕಾಲು:
ಮೇಡಂ, ಗುರಿ ಎಷ್ಟಾದರೂ ಬರೆಯಿರಿ, ಮುಂಗಡ ಹಣ ಮಾತ್ರ ಕಟ್ಟಬೇಡಿ. ನನ್ನ ಕಥೆ ಕೇಳಿ. 2024ರ ಡಿಸೆಂಬರ್ 28ರಂದು, ರಿಯಾಯಿತಿಗೆ ಇನ್ನು ಮೂರೇ ದಿನ ಎಂದು ಹೆದರಿಸಿದರೆಂದು, ಬೆಂಗಳೂರಿನಲ್ಲಿ ಮನೆ ಹತ್ತಿರದ ಜಿಮ್‌ಗೆ ಒಂದು ವರ್ಷದ ಶುಲ್ಕ 14,999 ಕಟ್ಟಿದೆ. ನೋಂದಣಿಗೆಂದು ಇನ್ನೊಂದು ಸಾವಿರ. ಶೂ 4,299. ಜನವರಿಯಲ್ಲಿ ಟ್ರೆಡ್‌ಮಿಲ್ ಮುಂದೆ ಪಡಿತರ ಅಂಗಡಿಯ ಸಾಲು. ಫೆಬ್ರವರಿ ಮೂರನೆಯ ವಾರ ಸಾಲು ಕರಗಿತು, ಅದೇ ವಾರ ನನ್ನ ಎಡ ಮೊಣಕಾಲಿನಲ್ಲಿ ಕಟಕ್ ಎಂದಿತು. ಕಲಿಸುವ ಹುಡುಗನಿಗೆ 23 ವರ್ಷ. ‘ನೋವನ್ನು ದಾಟಬೇಕು ಸರ್’ ಎಂದ. ದಾಟಿದೆ. ಮರುದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ, ಒಂದು ಕೈ ಗೋಡೆಗೆ, ಇನ್ನೊಂದು ಮಗಳ ಹೆಗಲಿಗೆ. ಎಂಆರ್‌ಐ 6,500. ಫಿಸಿಯೋಥೆರಪಿ 12 ಸಲ, ಸಲಕ್ಕೆ 450ರಂತೆ 5,400. ಒಟ್ಟು 32,198. ಜಿಮ್‌ನ ಬೆರಳಚ್ಚು ಯಂತ್ರದ ಪ್ರಕಾರ ನಾನು ಹೋದದ್ದು 23 ದಿನ. ದಿನಕ್ಕೆ 1,400 ಬಿತ್ತು, ಒಟ್ಟಿನ ಮೇಲೆ ಎರಡು ರೂಪಾಯಿ ಉಳಿಯಿತು!

ಈಗ ಎದುರಿನ ಪಾರ್ಕಿನಲ್ಲಿ 40 ನಿಮಿಷ ನಡೆಯುತ್ತೇನೆ. ತಕ್ಕಡಿ ಹತ್ತುವುದಿಲ್ಲ. ತಿಂಗಳ ಮೊದಲ ಭಾನುವಾರ ಮದುವೆಯ ಸೂಟಿನ ಪ್ಯಾಂಟು ಹಾಕಿ ನೋಡುತ್ತೇನೆ. ಆಗಸ್ಟ್‌ನಲ್ಲಿ ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳು ಇತ್ತು, ಈಗ ಎರಡು.

ಕಿರ್ದಿ ಪುಸ್ತಕ, ಹುಬ್ಬಳ್ಳಿ:
ದೇಹದ ಗುರಿಗಳೆಲ್ಲ ಹೀಗೆಯೇ. ಹಣದ ಗುರಿ ಇಟ್ಟುಕೊಳ್ಳಿ, ಅದು ಸುಳ್ಳು ಹೇಳುವುದಿಲ್ಲ. ನಾನು ಆರು ವರ್ಷದಿಂದ ಒಂದೇ ಒಂದು ಗುರಿ ಬರೆಯುತ್ತಿದ್ದೇನೆ: ಪಿಪಿಎಫ್‌ಗೆ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ತಿಂಗಳಿಗೆ 12,500, ಅಂದರೆ ವರ್ಷದ ಮಿತಿಯಾದ ಒಂದೂವರೆ ಲಕ್ಷ ತುಂಬಬೇಕು. ಪ್ರತಿ ತಿಂಗಳು 4ನೆಯ ತಾರೀಖು ರಾತ್ರಿ ಪುಸ್ತಕ ತೆಗೆಯುತ್ತೇನೆ, ಏಕೆಂದರೆ ಬಡ್ಡಿ ಲೆಕ್ಕವಾಗುವುದು 5ರಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ. ಕಳೆದ ಜೂನ್‌ನಲ್ಲಿ ಅಳಿಯನ ಮನೆಯ ಕಾರ್ಯಕ್ರಮದ ಗಡಿಬಿಡಿಯಲ್ಲಿ 6ಕ್ಕೆ ಕಟ್ಟಿದೆ. ಒಂದೇ ದಿನ ತಡ. 7.1ರ ದರದಲ್ಲಿ ಒಂದು ತಿಂಗಳ ಬಡ್ಡಿ 74 ರೂಪಾಯಿ ಹೋಯಿತು. ಮೊತ್ತ ಸಣ್ಣದು, ಆದರೆ ಆ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಅಳಿಯನಿಗೂ ತೋರಿಸಿದ್ದೇನೆ.

ಲೆಕ್ಕಿಗ:
ಕಿರ್ದಿ ಪುಸ್ತಕದವರೇ, 74 ರೂಪಾಯಿಗೆ ಕೆಂಪು ಶಾಯಿ ಹಾಕಿದಿರಿ, 4,881ಕ್ಕೆ ಯಾವ ಶಾಯಿ? ಏಪ್ರಿಲ್ 5ರೊಳಗೆ ಒಂದೂವರೆ ಲಕ್ಷವನ್ನೂ ಒಟ್ಟಿಗೆ ಕಟ್ಟಿದ್ದರೆ ವರ್ಷಕ್ಕೆ 10,650 ಬಡ್ಡಿ. ತಿಂಗಳು ತಿಂಗಳು ಕಟ್ಟಿದರೆ, ಎಲ್ಲ ಕಂತೂ ಸಮಯಕ್ಕೆ ಬಿದ್ದರೂ, 5,769. ಆರು ವರ್ಷದಿಂದ ನಷ್ಟವನ್ನು ಶಿಸ್ತು ಎಂದು ಬರೆದುಕೊಳ್ಳುತ್ತಿದ್ದೀರಿ. ಜನವರಿಯಲ್ಲಿ ಗುರಿ ಬರೆಯುವವರ ಕಷ್ಟವೇ ಇದು, ಹಣದ ಹೊಸ ವರ್ಷ ಏಪ್ರಿಲ್ 1.

ಕಿರ್ದಿ ಪುಸ್ತಕ, ಹುಬ್ಬಳ್ಳಿ:
ಏಪ್ರಿಲ್ 5ಕ್ಕೆ ಒಂದೂವರೆ ಲಕ್ಷ ಕೈಯಲ್ಲಿ ಇದ್ದವನು ಗುರಿ ಏಕೆ ಬರೆಯುತ್ತಾನೆ ಸ್ವಾಮಿ? ಅವನು ಚೆಕ್ ಬರೆಯುತ್ತಾನೆ. ನನ್ನದು ಸಂಬಳದ ಮನೆ. ಇನ್ನು ಹೊಸ ವರ್ಷದ ಮಾತು: ನಮ್ಮ ಪೇಟೆಯಲ್ಲಿ ಹೊಸ ಕಿರ್ದಿ ಪೂಜೆಯಾಗುವುದು ದೀಪಾವಳಿಗೆ. ನಿಮ್ಮ ಏಪ್ರಿಲ್ ಸರ್ಕಾರದ್ದು.

ನಿವೃತ್ತ ಮೇಷ್ಟ್ರು, ನಾಗಮಂಗಲ:
ಜನವರಿಯೂ ಅಲ್ಲ, ಏಪ್ರಿಲ್ಲೂ ಅಲ್ಲ. ಯುಗಾದಿಗೆ ಹೊನ್ನಾರು ಕಟ್ಟಿ, ಅಂದರೆ ಎತ್ತು ಹೂಡಿ ಹೊಲದಲ್ಲಿ ಮೊದಲ ಸಾಲು ಹೊಡೆದ ಮೇಲೆಯೇ ನಮ್ಮ ಕಡೆ ವರ್ಷ ಶುರು. ಮಾರನೆಯ ದಿನ ವರ್ಷತೊಡಕು. ಆ ದಿನ ಏನು ಮಾಡುತ್ತೇವೋ ಅದೇ ವರ್ಷವಿಡೀ ತೊಡಕಿಕೊಳ್ಳುತ್ತದೆ ಎಂದು ನಮ್ಮ ತಾಯಿ ಅಂದು ನಮಗೆ ಬೈಯುತ್ತಲೇ ಇರಲಿಲ್ಲ. ಬರುವ ಯುಗಾದಿ ಮಾರ್ಚ್ 19ಕ್ಕೆ, ಪರಾಭವ ಸಂವತ್ಸರ. ಹೆಸರು ಕೇಳಿ ಹೆದರಬೇಡಿ, 60ರಲ್ಲಿ ಅದೂ ಒಂದು.

ನಾನು 31 ವರ್ಷದಿಂದ ಡೈರಿ ಬರೆಯುತ್ತಿದ್ದೇನೆ. ಮೊದಲು ಸಹಕಾರ ಸಂಘದವರು ಪುಕ್ಕಟೆ ಕೊಡುತ್ತಿದ್ದರು, ಈಗ 180 ರೂಪಾಯಿ ಕೊಟ್ಟು ಕೊಳ್ಳುತ್ತೇನೆ. ಹಾಲಿನ ಲೆಕ್ಕ, ಮಳೆ, ಮನೆಗೆ ಬಂದು ಹೋದವರು, ಇಷ್ಟೇ. ಗುರಿ ಬರೆಯುವುದನ್ನು 2007ಕ್ಕೆ ಬಿಟ್ಟೆ. ಏಕೆಂದರೆ ಆ ವರ್ಷ ಬರೆದದ್ದು ‘ಸಿಟ್ಟು ಕಡಿಮೆ ಮಾಡಬೇಕು’ ಎಂದು; ಹಳೆಯದನ್ನು ತಿರುವಿದರೆ 1998ರಲ್ಲಿಯೂ ಅದೇ ಸಾಲು, ಅದೇ ಅಕ್ಷರ. ಒಂಬತ್ತು ವರ್ಷ ಒಂದೇ ಪಾಠದಲ್ಲಿ ಕುಳಿತ ವಿದ್ಯಾರ್ಥಿಯನ್ನು ನಾನಾದರೆ ಶಾಲೆ ಬಿಡಿಸುತ್ತಿದ್ದೆ. ಈಗ ಯುಗಾದಿಯ ಹಿಂದಿನ ರಾತ್ರಿ ಕುಳಿತು ಇಡೀ ವರ್ಷದ ಡೈರಿ ಓದುತ್ತೇನೆ. ಯಾವುದಕ್ಕೆ ಹೊತ್ತು ಕೊಟ್ಟೆನೋ ಅದೇ ನನ್ನ ಗುರಿಯಾಗಿತ್ತು ಎಂದು ತಿಳಿಯುತ್ತದೆ. ಕಳೆದ ವರ್ಷ ಅದು ಪಕ್ಕದ ಮನೆಯವರ ತೆಂಗಿನ ಮರದ ವ್ಯಾಜ್ಯವಾಗಿತ್ತು.

ಕುಡ್ಲದವಳು:
ಯುಗಾದಿ ಎಂದರೆ ನಾಡಿಗೆಲ್ಲ ಒಂದೇ ಎನ್ನಬೇಡಿ ಮೇಷ್ಟ್ರೇ. ನಮಗೆ ಹೊಸ ವರ್ಷ ಬಿಸು, ಪಗ್ಗು ತಿಂಗಳ ಮೊದಲ ದಿನ, ಏಪ್ರಿಲ್ ನಡುವೆ ಬರುತ್ತದೆ. ಕಣ್ಣು ಬಿಟ್ಟ ಕೂಡಲೇ ಕಣಿ ನೋಡಬೇಕು: ಅಕ್ಕಿ, ತೆಂಗಿನಕಾಯಿ, ತರಕಾರಿ, ಚಿನ್ನ, ಕನ್ನಡಿ. ನಾನು ಮೂರು ವರ್ಷದಿಂದ ಆ ಕನ್ನಡಿಯ ಪಕ್ಕ ಒಂದು ಚೀಟಿ ಇಡುತ್ತಿದ್ದೇನೆ. ಒಂದೇ ಸಾಲು. ಮೊದಲ ವರ್ಷ ‘ಈಜು’. ಕಲಿತೆ, 41ನೆಯ ವಯಸ್ಸಿನಲ್ಲಿ. ಎರಡನೆಯ ವರ್ಷದ್ದು ಹೇಳುವುದಿಲ್ಲ.

ಬೆಳಿಗ್ಗೆ ಐದಕ್ಕೆ ಏಳುವ ವಿಷಯಕ್ಕೆ: 21 ದಿನ ತಪ್ಪದೆ ಮಾಡಿದರೆ ಅಭ್ಯಾಸವಾಗುತ್ತದೆ. ನಡುವೆ ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಎಣಿಸಬೇಕು.

ಲೆಕ್ಕಿಗ:
ಆ 21ಕ್ಕೆ ಆಧಾರವಿಲ್ಲ. 2009ರಲ್ಲಿ ಪ್ರಕಟವಾದ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಅಧ್ಯಯನದಲ್ಲಿ 96 ಜನರನ್ನು 12 ವಾರ ಗಮನಿಸಿದರು. ಅಭ್ಯಾಸ ಕೂರಲು ಸರಾಸರಿ 66 ದಿನ; ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು ಎಂಬ ಅಂದಾಜು. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಮತ್ತೆ ಒಂದರಿಂದ ಎಣಿಸಿ ಎಂಬ ನಿಮ್ಮ ಮಾತು ಕೇಳಿಯೇ ಜನ ಫೆಬ್ರವರಿಗೆ ಕೈಬಿಡುವುದು.

ಕುಡ್ಲದವಳು:
ನಾನು ಈಜು ಕಲಿತದ್ದು ಲಂಡನ್‌ನವರನ್ನು ಕೇಳಿ ಅಲ್ಲ.

ಸಪ್ತಾಪುರದ ಓದುಗ:
ಅಕ್ಕ, ನನ್ನದು ಸ್ವಲ್ಪ ಬೇರೆ. ಊರು ಕೊಪ್ಪಳದ ಕಡೆ, ಧಾರವಾಡದಲ್ಲಿ ಮೂರು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬಾಡಿಗೆಯಲ್ಲಿ ನನ್ನ ಪಾಲು 2,800, ಮೆಸ್ 3,200, ಓದುವ ಕೊಠಡಿಯ ಕುರ್ಚಿಗೆ 800. ತಿಂಗಳಿಗೆ 6,800, 36 ತಿಂಗಳಿಗೆ 2,44,800. ಕೋಚಿಂಗ್‌ಗೆ ಬೇರೆ 42,000. ಮೂರು ಜನವರಿಯಲ್ಲಿಯೂ ಗೋಡೆಗೆ ಒಂದೇ ಚೀಟಿ ಅಂಟಿಸಿದೆ: ‘ಈ ವರ್ಷ ಸರ್ಕಾರಿ ನೌಕರಿ’. ಒಂದು ವರ್ಷ ಅಧಿಸೂಚನೆಯೇ ಬರಲಿಲ್ಲ. ಇನ್ನೊಂದು ವರ್ಷ ಪರೀಕ್ಷೆಯನ್ನು ಎರಡು ಸಲ ಮುಂದೂಡಿದರು. ಮೂರನೆಯ ವರ್ಷ ಬರೆದೆ, ಒಂದೂವರೆ ಅಂಕಕ್ಕೆ ಹೋಯಿತು. ಚೀಟಿಯ ಅಂಟು ಕೀಳುವಾಗ ಸುಣ್ಣವೂ ಕಿತ್ತು ಬಂತು, ಮನೆ ಮಾಲೀಕರು ಅದಕ್ಕೂ 500 ಹಿಡಿದುಕೊಂಡರು.

ಈಗ ಚೀಟಿ ಬದಲಾಯಿಸಿದ್ದೇನೆ. ದಿನಕ್ಕೆ ಆರು ಗಂಟೆ ಓದು, ವಾರಕ್ಕೆ ಎರಡು ಹಳೆಯ ಪ್ರಶ್ನೆಪತ್ರಿಕೆ, ಶನಿವಾರ ರಾತ್ರಿ ತಪ್ಪಿದ ಪ್ರಶ್ನೆಗಳ ಪಟ್ಟಿ. ನೌಕರಿ ಕೊಡುವುದು ನನ್ನ ಕೈಯಲ್ಲಿಲ್ಲ, ಪ್ರಶ್ನೆಪತ್ರಿಕೆ ಬಿಡಿಸುವುದು ಇದೆ. ಗುರುಗಳೇ, ಹೊನ್ನಾರಿನ ಮಾತು ಓದಿ ಸುಮ್ಮನೆ ಕುಳಿತೆ. ಕೋಚಿಂಗ್ ಹಣಕ್ಕೆ ಅಪ್ಪ ಎತ್ತು ಮಾರಿದರು.

ಲೆಕ್ಕಿಗ:
ತಮ್ಮಾ, ಕಟುವಾಗಿ ಹೇಳುತ್ತೇನೆ. 2,86,800 ಆಯಿತು. ಮೂರು ವರ್ಷ ಹೊರಗೆ ದುಡಿದಿದ್ದರೆ ಬರುತ್ತಿದ್ದ ಸಂಬಳ ಬೇರೆ. ಗುರಿಯ ಜೊತೆಗೆ ನಿಲ್ಲಿಸುವ ತಾರೀಖನ್ನೂ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅದು ಗುರಿಯಲ್ಲ, ಸಾಲ.

ನಿವೃತ್ತ ಮೇಷ್ಟ್ರು, ನಾಗಮಂಗಲ:
ಯಾರ್ರೀ ನೀವು? ಎತ್ತು ಮಾರಿದ ಮನೆಯ ಹುಡುಗನ ಮುಂದೆ ಕ್ಯಾಲ್ಕುಲೇಟರ್ ಹಿಡಿಯಲು ನಾಚಿಕೆಯಾಗಬೇಕು! ನನ್ನ ಮಕ್ಕಳಂಥ ಎಷ್ಟು ಜನ ಹೀಗೆ ಓದಿ ಮೇಲೆ ಬಂದಿದ್ದಾರೆ ಗೊತ್ತೇ? ನಿಮ್ಮಂಥವರಿಗೆ ಬಡ್ಡಿ ಬಿಟ್ಟು ಬೇರೆ ಅಕ್ಷರವೇ ತಿಳಿಯದು.

ಲೆಕ್ಕಿಗ:
ಮೇಷ್ಟ್ರೇ, 1998ರ ಸಾಲನ್ನು ಈ ವರ್ಷವೂ ಒಮ್ಮೆ ತೆರೆದು ನೋಡಿ.

ಸಪ್ತಾಪುರದ ಓದುಗ:
ಜಗಳ ಬೇಡ. ನಿಲ್ಲಿಸುವ ತಾರೀಖು ಬರೆದಿದ್ದೇನೆ. ಅದನ್ನು ಗೋಡೆಗೆ ಅಂಟಿಸಿಲ್ಲ, ಅಷ್ಟೇ.

ಎಕ್ಸೆಲ್ ಮನೆಯ ಸೊಸೆ:
ಎಲ್ಲರೂ ಒಬ್ಬೊಬ್ಬರೇ ಬರೆದುಕೊಂಡ ಗುರಿಯ ಮಾತನಾಡುತ್ತಿದ್ದೀರಿ. ಇಡೀ ಮನೆಗೇ ಗುರಿ ಬರೆಯುವ ಗಂಡ ಸಿಕ್ಕರೆ? ನಮ್ಮವರು ಕಂಪನಿಯಲ್ಲಿ ಮೂರು ತಿಂಗಳಿಗೊಮ್ಮೆ ತಂಡದ ಗುರಿ ಪರಿಶೀಲಿಸುವ ಕೆಲಸದಲ್ಲಿದ್ದಾರೆ. 2023ರ ಜನವರಿಯಲ್ಲಿ ಅದೇ ಪದ್ಧತಿಯನ್ನು ಮನೆಗೆ ತಂದರು. ಹಸಿರು, ಹಳದಿ, ಕೆಂಪು ಬಣ್ಣದ ಎಕ್ಸೆಲ್ ಹಾಳೆ. ತಿಂಗಳ ಕೊನೆಯ ಭಾನುವಾರ ತಿಂಡಿ ಆದ ಮೇಲೆ ಸಭೆ. ಆರು ವರ್ಷದ ಮಗನ ಹೆಸರಿನ ಮುಂದೆ ‘ತರಕಾರಿ: ಶೇಕಡಾ 40’. ನನ್ನ ಹೆಸರಿನ ಮುಂದೆ ‘ವೃತ್ತಿಗೆ ಮರಳುವುದು: ಕೆಂಪು’. ಅಂದು ಬೆಳಿಗ್ಗೆ ನಾನು ನಾಲ್ಕು ಜನಕ್ಕೆ ಅಕ್ಕಿರೊಟ್ಟಿ ತಟ್ಟಿ, ಪಾತ್ರೆ ತೊಳೆದು, ಒದ್ದೆ ಕೈಯಲ್ಲಿ ಬಂದು ಆ ಕೆಂಪು ನೋಡಿದೆ. ರೊಟ್ಟಿಗೆ ಒಂದು ಸಾಲು ಎಲ್ಲಿದೆ ಎಂದು ಕೇಳಿದೆ. ಉತ್ತರ ಬರಲಿಲ್ಲ. ಎರಡು ದಿನ ಮಾತು ಬಿಟ್ಟೆವು.

ಅವರ ಹೆಸರಿನ ಮುಂದೆಯೂ ಒಂದಿತ್ತು: ಅಮ್ಮನಿಗೆ ವಾರಕ್ಕೆ ಎರಡು ಕರೆ. ಮಂಗಳವಾರ, ಶುಕ್ರವಾರ ರಾತ್ರಿ 8.10ಕ್ಕೆ ಸರಿಯಾಗಿ ಮಾಡುತ್ತಿದ್ದರು. ತೀರ್ಥಹಳ್ಳಿಗೆ ಹೋದಾಗ ನೋಡಿದರೆ, ಅತ್ತೆ ಆ ಎರಡು ದಿನ ಏಳೂವರೆಗೇ ಊಟ ಮುಗಿಸಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಒಮ್ಮೆ ಇವರು ಬುಧವಾರ ಸುಮ್ಮನೆ ಕರೆ ಮಾಡಿದ್ದಕ್ಕೆ ‘ಏನಾಯಿತಪ್ಪಾ, ಯಾರಿಗೆ ಹುಷಾರಿಲ್ಲ?’ ಎಂದು ನಡುಗಿದರಂತೆ. ಹಾಳೆಯನ್ನು 2024ರಲ್ಲಿ ನಿಲ್ಲಿಸಿದೆವು. ಆ ಎರಡು ಕರೆ ಮಾತ್ರ ಹಾಗೆಯೇ ಇದೆ, ನಿಲ್ಲಿಸಲು ಆಗುವುದಿಲ್ಲ.

ಕಿರ್ದಿ ಪುಸ್ತಕ, ಹುಬ್ಬಳ್ಳಿ:
ಎಡ ಮೊಣಕಾಲಿನವರಿಗೆ ಒಂದು ಮಾತು ಬಾಕಿ ಇತ್ತು. ಎಂಆರ್‌ಐ, ಫಿಸಿಯೋಥೆರಪಿ ಖರ್ಚನ್ನು ಜಿಮ್ ಖಾತೆಗೆ ಬರೆಯುವುದು ತಪ್ಪು. ಅದು ವೈದ್ಯಕೀಯ. ನಿಜವಾದ ಲೆಕ್ಕ 20,298. ದಿನಕ್ಕೆ 883 ಆಗುತ್ತದೆ.

ಎಡ ಮೊಣಕಾಲು:
ಮೊಣಕಾಲು ನನ್ನದು, ಖಾತೆಯೂ ನನ್ನದು. ಜಿಮ್‌ಗೆ ಹೋಗದಿದ್ದರೆ ಎಂಆರ್‌ಐ ಏಕೆ ಬೇಕಿತ್ತು?

ಲೆಕ್ಕಿಗ:
ಶೂ ಇನ್ನೂ ಇದೆ ತಾನೇ? ಪಾರ್ಕಿಗೆ ಅದನ್ನೇ ಹಾಕುತ್ತಿದ್ದರೆ 4,299ನ್ನೂ ಕಳೆಯಬೇಕು.

ಬೆಣ್ಣೆದೋಸೆ ಊರಿನವಳು:
ಮೂರು ರಾತ್ರಿಯಿಂದ ಇದನ್ನೇ ಓದುತ್ತಾ ಕುಳಿತು ಬೆಳಿಗ್ಗೆ ಏಳುವುದು ಏಳಕ್ಕೆ ಬಂದು ನಿಂತಿದೆ. ಎಲ್ಲರಿಗೂ ಧನ್ಯವಾದ. ನಾನು ಕೇಳಿದ ಮೂರರಲ್ಲಿ ಯಾವುದಕ್ಕೆ ಉತ್ತರ ಬಂತು ಎಂದು ಇನ್ನೂ ಹುಡುಕುತ್ತಿದ್ದೇನೆ. ಸದ್ಯಕ್ಕೆ ಇಂಗ್ಲಿಷ್ ಮತ್ತು ಐದು ಗಂಟೆಯನ್ನು ಹೊಡೆದುಹಾಕಿದೆ. ಸಪ್ತಾಪುರದ ತಮ್ಮನ ಹಾಗೆ ಎಂಟು ಕೆಜಿಯ ಜಾಗದಲ್ಲಿ ‘ರಾತ್ರಿ ಊಟ ಎಂಟರೊಳಗೆ’ ಎಂದು ಬರೆದಿದ್ದೇನೆ. 60,000ಕ್ಕೆ ಆರ್‌ಡಿ ಮಾಡಬೇಕು. ಪಿಪಿಎಫ್ ಬೇಡ, ಆಪತ್ತಿನ ಹಣ ಅಷ್ಟು ವರ್ಷ ಒಳಗೆ ಕೂತರೆ ಆಪತ್ತಿಗೆ ಸಿಗುವುದಿಲ್ಲ.

ಎಕ್ಸೆಲ್ ಮನೆಯ ಸೊಸೆ:
ಮುಗಿದದ್ದು ಎಂದಿರಲ್ಲ, ಆ ಲೈಸೆನ್ಸ್. ಬಂದ ಮೇಲೆ ಎಷ್ಟು ಸಲ ಕಾರು ಓಡಿಸಿದಿರಿ?

ಬೆಣ್ಣೆದೋಸೆ ಊರಿನವಳು:
ಎರಡು ಸಲ. ಎರಡನೆಯ ಸಲ ನಮ್ಮ ಗೇಟಿಗೇ ತಾಗಿಸಿದೆ. ಬಂಪರ್‌ಗೆ 7,800, ಗೇಟಿನ ವೆಲ್ಡಿಂಗ್‌ಗೆ 600. ಆಮೇಲೆ ಕೀಲಿ ಮುಟ್ಟಿಲ್ಲ.

ಎಡ ಮೊಣಕಾಲು:
7,800 ಜಾಸ್ತಿಯಾಯಿತು ಮೇಡಂ. ಬಣ್ಣ ಸೇರಿಯೋ, ಬಣ್ಣ ಬೇರೆಯೋ?

ಕಿರ್ದಿ ಪುಸ್ತಕ, ಹುಬ್ಬಳ್ಳಿ:
ವಿಮೆಗೆ ಹಾಕಲಿಲ್ಲವೇ?

ಲೆಕ್ಕಿಗ:
ಹಾಕಬಾರದು. ಇಷ್ಟು ಸಣ್ಣ ಮೊತ್ತಕ್ಕೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಕೂತು ಲೆಕ್ಕ ಹಾಕೋಣ, ನಿಮ್ಮ ಪ್ರೀಮಿಯಂ ಎಷ್ಟು?