ಉಗಿಯಂತ್ರ ಬರೀ ಲೂಟಿಯಿಂದ ಬಂತಾ? ಮನಿ ಮಂದಿ ಗ್ರೂಪಿನ ವಾದ

ಸುರೇಶ ಕಾಕಾ: (ಫಾರ್ವರ್ಡ್) ಬ್ರಿಟನ್ನಿನ ಕೈಗಾರಿಕಾ ಕ್ರಾಂತಿ ಅಂದರೆ ಭಾರತದ ಲೂಟಿ, ಬೇರೇನೂ ಅಲ್ಲ. ಎಲ್ಲರಿಗೂ ಕಳಿಸಿ.

ಸುರೇಶ ಕಾಕಾ: ಎಲ್ಲಾರೂ ಪೂರ್ತಿ ಓದ್ರಿ. ಹುಡುಗ್ರಿಗೂ ಓದಸ್ರಿ, ಸಾಲ್ಯಾಗ ಇದನ್ನ ಹೇಳಂಗಿಲ್ಲ.

ದೀಪಾ: ಓದಿದೆ ಕಾಕಾ. ಲೂಟಿ ಆಗಿದ್ದು ನಿಜ, ಅದಕ್ಕೆ ನನ್ನ ತಕರಾರಿಲ್ಲ. ಬೇರೇನೂ ಅಲ್ಲ ಅಂದ್ರೆ ಮಾತ್ರ ಒಪ್ಪಲ್ಲ. ಸ್ಪೇನಿಗೆ ಅಮೆರಿಕದಿಂದ ನೂರಾರು ವರ್ಷ ಬೆಳ್ಳಿ ಬಂತಲ್ಲ, ಕಾರ್ಖಾನೆ ಯುಗ ಅಲ್ಲಿ ಯಾಕೆ ಮೊದಲು ಶುರುವಾಗಲಿಲ್ಲ?

ಸುರೇಶ ಕಾಕಾ: ಹಂಗಾರ ಹೆಂಗ ಬಂತು ನೀನ ಹೇಳವಾ. ಇಂಗ್ಲಿಷರು ಅಷ್ಟ್ ಶ್ಯಾಣ್ಯಾ ಇದ್ರೇನು?

ದೀಪಾ: ಶ್ಯಾಣ್ಯಾತನ ಅಲ್ಲ ಕಾಕಾ, ಒಬ್ಬರ ಕೈಲಿ ಆಗದ ಕೆಲಸಾನ ಇನ್ನೊಬ್ಬರ ಹತ್ರ ಕೊಂಡುಕೊಂಡಿದ್ದು. ಜೇಮ್ಸ್ ವ್ಯಾಟ್ 1769ರಲ್ಲಿ ಉಗಿಯಂತ್ರದ ಸುಧಾರಣೆಗೆ ಪೇಟೆಂಟ್ ತಗೊಂಡ, ಉಗೀನ ಸಿಲಿಂಡರ್ ಒಳಗೇ ತಣಿಸೋ ಬದಲು ಬೇರೆ ಪಾತ್ರೇಲಿ ತಣಿಸೋದು, ಕಲ್ಲಿದ್ದಲು ತುಂಬಾ ಉಳಿಯತ್ತೆ. ಆದ್ರೆ ದೊಡ್ಡ ಸಿಲಿಂಡರ್ ಒಳಗೆ ದುಂಡಗೆ ಬರ್ತಾನೇ ಇರಲಿಲ್ಲ, ಪಿಸ್ಟನ್ ಸಂದೀಲಿ ಉಗಿ ಸೋರ್ತಿತ್ತು, ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಅದನ್ನ ಬಗೆಹರಿಸಿದ್ದು ವ್ಯಾಟ್ ಅಲ್ಲ, ಫಿರಂಗಿ ಕೊರೀತಿದ್ದ ಜಾನ್ ವಿಲ್ಕಿನ್ಸನ್. 1774ರಲ್ಲಿ ಫಿರಂಗಿ ಕೊರೆಯೋದಕ್ಕೆ ಪೇಟೆಂಟ್ ತಗೊಂಡಿದ್ದ, ಆಮೇಲೆ ಸಿಲಿಂಡರಿಗೆ ಅಂತಾನೇ ಬೋರಿಂಗ್ ಮಷೀನ್ ಮಾಡಿದ, ಕೊರೆಯೋ ಸಲಾಕೆಗೆ ಎರಡೂ ತುದೀಲಿ ಆಧಾರ ಕೊಟ್ಟು. 50 ಇಂಚು ವ್ಯಾಸದ ಸಿಲಿಂಡರಲ್ಲಿ ಒಂದು ಹಳೇ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲ ಅಂತ ವ್ಯಾಟ್ ಪಾಲುದಾರ ಬೌಲ್ಟನ್ 1776ರಲ್ಲಿ ಬರೆದಿದಾನೆ. ದಿನಾ ಟೂಲ್ ರೂಮಲ್ಲಿ ಲೋಹ ಕೊರೆಯೋದು ನೋಡೋಳು ನಾನು, ಆ ಕಾಲಕ್ಕೆ ಅದು ಎಂಥಾ ಕೆಲಸ ಅಂತ ನಂಗೊತ್ತು.

ಮಂಜು: ಒಂದ್ ನಿಮಿಷ, ಫಿರಂಗಿ ಕೊಳ್ತಿದ್ದೋರು ಯಾರು? ಸೇನೆ. ಅಂದ್ರೆ ಯುದ್ಧದ ದುಡ್ಡಲ್ಲೇ ಕಲ್ತಿದ್ದು, ಇದ್ರಲ್ಲಿ ಸ್ವಇಚ್ಛೆಯ ವ್ಯಾಪಾರ ಎಲ್ಲಿಂದ ಬಂತು?

ದೀಪಾ: ಮಂಜಣ್ಣ, ಕಲಿಸಿದ್ದು ಫಿರಂಗಿ ಆರ್ಡರು ಅನ್ನೋದು ಸರಿ. ಆದ್ರೆ ಯುದ್ಧ ಎಲ್ಲಾ ದೇಶದಲ್ಲೂ ಇತ್ತು, ಫಿರಂಗಿನೂ ಇತ್ತು. ಇಲ್ಲಿ ವ್ಯಾಟ್ ತಾನೇ ಫೌಂಡ್ರಿ (ಎರಕದ ಕಾರ್ಖಾನೆ) ಹಾಕದೆ ವಿಲ್ಕಿನ್ಸನ್ ಹತ್ರ ಸಿಲಿಂಡರ್ ತರಿಸ್ಕೊಂಡ, ಅದು ಮುಖ್ಯ. ಹೆಚ್ಚುಕಡಿಮೆ 20 ವರ್ಷ ಬೌಲ್ಟನ್-ವ್ಯಾಟ್ ಪೂರ್ತಿ ಇಂಜಿನ್ ಮಾಡಿ ಮಾರ್ತಿರಲಿಲ್ಲ ಗೊತ್ತಾ. ಸಿಲಿಂಡರ್ ವಿಲ್ಕಿನ್ಸನ್‌ದು, ವಾಲ್ವ್ ಥರದ ಸೂಕ್ಷ್ಮ ಭಾಗ ಬರ್ಮಿಂಗ್‌ಹ್ಯಾಂ ಹತ್ರದ ಸೋಹೋದು, ಕಟ್ಟಡ, ಮರದ ತೊಲೆ ಎಲ್ಲಾ ಗಣಿ ಮಾಲೀಕ ಅಲ್ಲೇ ಹೊಂದಿಸ್ಕೋಬೇಕು, ಇವರು ಡ್ರಾಯಿಂಗು ಕೊಟ್ಟು ಜೋಡಿಸೋಕೆ ಆಳು ಕಳಿಸೋರು. ನಮ್ಮ ಟೂಲ್ ರೂಮಲ್ಲೂ ಹೀಟ್ ಟ್ರೀಟ್‌ಮೆಂಟು ಪ್ಲೇಟಿಂಗು ಹೊರಗೇ ಕೊಡ್ತೀವಿ, ಎಲ್ಲಾ ನಾವೇ ಮಾಡ್ತೀವಿ ಅಂತ ಕೂತ್ರೆ ಒಂದು ಡೈ (ಅಚ್ಚು) ಕೂಡ ಹೊರಗೆ ಹೋಗಲ್ಲ.

ದೀಪಾ: ಇನ್ನು ಗಿರಾಕಿ. ಕಾರ್ನ್‌ವಾಲ್ ಗಣೀಲಿ ತವರ, ತಾಮ್ರ ಇತ್ತು, ಕಲ್ಲಿದ್ದಲು ಇರಲಿಲ್ಲ, ವೇಲ್ಸಿಂದ ಹಡಗಲ್ಲಿ ತರಿಸ್ಬೇಕು. ನೀರು ಎತ್ತೋಕೆ ವ್ಯಾಟ್‌ಗಿಂತ ಮುಂಚಿನ ಹಳೇ ನ್ಯೂಕಮೆನ್ ಉಗಿ ಇಂಜಿನ್ನು ರಾಶಿ ರಾಶಿ ಇದ್ದಲು ತಿಂತಿತ್ತು. ಹಳೇ ಇಂಜಿನ್ನಿಗಿಂತ ಎಷ್ಟು ಇದ್ದಲು ಉಳೀತೋ ಅದರ ಬೆಲೆಯ ಮೂರನೇ ಒಂದು ಪಾಲು ನಮಗೆ ಕೊಡಿ ಅಂದ್ರು ಬೌಲ್ಟನ್-ವ್ಯಾಟ್. ಉಳೀದೇ ಇದ್ರೆ ಕೊಡೋದೇನೂ ಇಲ್ಲ. ಯಾರ ಕುತ್ತಿಗೆ ಮೇಲೂ ಕತ್ತಿ ಇಟ್ಟು ಮಾರಿದ್ದಲ್ಲ.

ಮಂಜು: ಅದೇ ಗಣಿ ಮಾಲೀಕರು ಆಮೇಲೆ ಆ ಪಾಲು ಕೊಡಲ್ಲ ಅಂತ ಜಗಳ ತೆಗೆದ್ರಲ್ಲ? 1775ರಲ್ಲಿ ಪಾರ್ಲಿಮೆಂಟು ವ್ಯಾಟ್ ಪೇಟೆಂಟನ್ನ 1800ರ ತನಕ ಎಳೀತು, ಬೇರೆಯವರು ಒಳ್ಳೇ ಇಂಜಿನ್ ಮಾಡಿದ್ರೂ ಕೋರ್ಟಿಗೆ ಎಳೆದ್ರು. ನಿನ್ನ ವಿಲ್ಕಿನ್ಸನ್ನೂ ಬೌಲ್ಟನ್-ವ್ಯಾಟ್‌ಗೆ ತಿಳಿಸದೆ ಇಂಜಿನ್ ಮಾಡಿ ಮಾರಿದ್ದ.

ದೀಪಾ: ಹೌದು ಮಾರಿದ್ದ. ಅದು ಗೊತ್ತಾಗಿ ಸಂಬಂಧ ಕೆಟ್ಟು 1796ಕ್ಕೆ ಬೌಲ್ಟನ್-ವ್ಯಾಟ್‌ರ ಸ್ವಂತ ಸೋಹೋ ಫೌಂಡ್ರಿ ಶುರುವಾಯ್ತು. ಪೇಟೆಂಟ್ ಅಷ್ಟು ಉದ್ದ ಎಳೆದಿದ್ದು ತಪ್ಪು ಅಂತಾನೇ ನನ್ನ ಅಭಿಪ್ರಾಯ, ಆದ್ರೆ ಅದು ನನ್ನ ಮಾತಿಗೇ ಬಲ ಕೊಡತ್ತೆ. ಕೊಡು-ಕೊಳ್ಳು ಇದ್ದಲ್ಲಿ ಕೆಲಸ ಮುಂದೆ ಹೋಯ್ತು, ಬೇಲಿ ಹಾಕಿದಲ್ಲಿ ನಿಂತಿತು.

ವಿಮಲಾ ಅತ್ತಿ: ಇಂಜಿನ್ ಕತಿ ಛಲೋ ಐತಿ ದೀಪಾ, ಆದ್ರ ಅರಿವಿ ಕತಿ ಬಿಟ್ಟಿ. 1700ರಾಗ ಇಂಗ್ಲಿಷರು ನಮ್ಮ ದೇಶದ ಛಾಪಾ ಅರಿವಿ ತರಸೂದು ಬಂದ್ ಮಾಡಿದ್ರು, 1721ರಾಗ ಉಡೂದೂ ತಪ್ಪು ಅಂತ ಕಾಯ್ದೆ ಮಾಡಿದ್ರು. 1774ಕ್ಕ ಅವರ ಮಂದಿ ಹತ್ತಿ ಅರಿವಿ ನೇಯೂದು ಕಲ್ತ ಮ್ಯಾಲ ಅವರಿಗಷ್ಟ ಸಡ್ಲ ಮಾಡಿದ್ರು. ಅಷ್ಟೊತ್ತಿಗೆ ಆರ್ಕ್‌ರೈಟ್‌ನ ನೂಲಿನ ಗಿರಣಿ 1771ರಾಗ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನ್ಯಾಗ ಎದ್ದಿತ್ತು. ಮೂವತ್ತು ವರ್ಷ ಇತಿಹಾಸ ಕಲಿಸೀನಿ, ಇದಕ್ಕ ಸ್ವಇಚ್ಛೆ ಅಂತ ಯಾರರ ಅಂದ್ರ ಹೊಟ್ಟಿ ಉರೀತದ. 1793ರ ಜಿನ್ (ಹತ್ತಿಯಿಂದ ಬೀಜ ತಗಿಯೂ ಮಷೀನ್) ಬಂದ ಮ್ಯಾಲ ಅಮೆರಿಕದ ಹತ್ತಿ ಬೆಳದವರು ಗುಲಾಮರು. ಅವರನ್ನ ಯಾರ್ ಕೇಳಿದ್ರು?

ಸುರೇಶ ಕಾಕಾ: ಅಕ್ಕಾ ಬರೋಬ್ಬರಿ ಹೇಳಿದಿ 🙏

ದೀಪಾ: ಅತ್ತೆ, ಆರ್ಕ್‌ರೈಟ್‌ನ ನೂಲೋ ಮಷೀನ್ ಮಾಡಿದ್ದರಲ್ಲಿ ಜಾನ್ ಕೇ ಅನ್ನೋ ಗಡಿಯಾರದವನ ಕೈ ಇತ್ತು, ಗಡಿಯಾರದ ಹಲ್ಲುಚಕ್ರ ಕಡೀತಿದ್ದ ಕೈ ನೂಲಿನ ಮಷೀನಿಗೆ ಬಂತು. ಆ ಕಸುಬಿನ ಭಾಗ ನಿಜ. ಆದ್ರೆ ಗುಲಾಮರ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡಲ್ಲ. 1850ರ ದಶಕದ ಕೊನೇಲಿ ಬ್ರಿಟನ್ನಿಗೆ ಬರ್ತಿದ್ದ ಹತ್ತೀಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಅಮೆರಿಕದ್ದು. ಆ ಸರಪಳಿಯಲ್ಲಿ ಮ್ಯಾಂಚೆಸ್ಟರ್ ಅಂಗಡಿಯವನು ಸ್ವತಂತ್ರ, ಹತ್ತಿ ಬಿಡಿಸೋಳು ಅಲ್ಲ. ಎರಡನ್ನೂ ಒಂದೇ ಹೆಸರಲ್ಲಿ ಕರೆಯೋಕೆ ನಾನೂ ತಯಾರಿಲ್ಲ.

ಸುರೇಶ ಕಾಕಾ: ಮತ್ತ ನಮ್ಮ ಕಡಿ ಕತಿ ಗೊತ್ತೈತಿಲ್ಲೋ? 1861ಕ್ಕ ಅಮೆರಿಕದಾಗ ಯುದ್ಧ ಹತ್ತಿದ ಮ್ಯಾಲ ಧಾರವಾಡ ಸೀಮಿ ಹತ್ತಿಗೆ ಬಂಗಾರದ ರೇಟು. ರೈಲ್ವೆ ಇನ್ನೂ ಇಲ್ಲ, ಎತ್ತಿನ ಬಂಡ್ಯಾಗ ಘಟ್ಟಾ ಇಳಿಸಿ ಕುಮಟಾ ಬಂದರಕ್ಕ ಒಯ್ದು ಅಲ್ಲಿಂದ ಮುಂಬೈ, ಲಿವರ್‌ಪೂಲ್. ಹತ್ತಿಗೆ ಕುಮಟಾ ಅಂತನ ಹೆಸರು ಬಿತ್ತು. 1862ರಾಗ ಉತ್ತರ ಕನ್ನಡಾನ ಮದ್ರಾಸಿನಿಂದ ತಗದು ಮುಂಬೈಗೆ ಸೇರಿಸಿದ್ದೂ ಇದ ಹತ್ತಿ ವ್ಯಾಪಾರದ ಸಲುವಾಗಿ. 1865ಕ್ಕ ಯುದ್ಧ ಮುಗೀತು, ರೇಟ್ ಬಿತ್ತು. ರೈತ ತಾನ ಮನಸ್ ಮಾಡಿ ಮಾರಿದ್ದ, ಖರೆ, ಆದ್ರ ಉಳದದ್ದೇನು?

ದೀಪಾ: ಕಾಕಾ ಇದೇ ನೋಡಿ ನಂಗೆ ಬೇಜಾರಾಗೋದು. ಬರ್ಮಿಂಗ್‌ಹ್ಯಾಂ ಸುತ್ತ ಒಬ್ಬ ಕೊರೆಯೋನು, ಒಬ್ಬ ಎರಕ ಹೊಯ್ಯೋನು, ಒಬ್ಬ ವಾಲ್ವ್ ಮಾಡೋನು, ಪಕ್ಕಪಕ್ಕ ಇದ್ರು, ಒಬ್ಬನ ಆರ್ಡರು ಇನ್ನೊಬ್ಬನಿಗೆ ಕೆಲಸ ಕಲಿಸ್ತು. ಧಾರವಾಡದಲ್ಲೂ ಸರ್ಕಾರದ ಜಿನ್ ಕಾರ್ಖಾನೆ ಇತ್ತು, ಆದ್ರೆ ಅದರ ಸುತ್ತ ಅಂಥ ಕಸುಬಿನ ಜಾಲ ಬೆಳೀಲಿಲ್ಲ, ನಮ್ಮಿಂದ ಹೋಗಿದ್ದು ಬರೀ ಹತ್ತಿ. ಹತ್ತೀಲೇ ನಿಂತ್ರೆ ಲಿವರ್‌ಪೂಲ್ ಹೇಳಿದ್ದೇ ರೇಟು.

ಮಂಜು: ಈ ಮಾತು ಒಪ್ಪಿದೆ. ಪರಿಣತಿ ಅಂತ ಬರೀ ಹೊಗಳಿದ್ರೆ ಆಗಲ್ಲ, ಯಾವುದರಲ್ಲಿ ಪರಿಣತಿ ಅಂತ ಕೇಳ್ಬೇಕು.

ಸುರೇಶ ಕಾಕಾ: ದೀಪಾ, ಆ ವಿಲ್ಕಿನ್ಸನ್‌ಂದು ಒಂದ್ ಪ್ಯಾರಾ ಬರದು ಕಳಸು, ಫಾರ್ವರ್ಡ್ ಕೆಳಗ ಹಾಕತೀನಿ. ಅಕ್ಕ ಹೇಳಿದ ಕಾಯ್ದೆ ಮಾತ್ರ ಮ್ಯಾಲ ಇರಬೇಕು.

ದೀಪಾ: ರಾತ್ರಿ ಬರೆದು ಕಳಿಸ್ತೀನಿ ಕಾಕಾ. ಕಾಯ್ದೆ ಮೇಲೇ ಇರ್ಲಿ, ಹತ್ತಿ ಬಿಡಿಸಿದೋರ ಬಗ್ಗೆ ಅತ್ತೆ ಎರಡು ಸಾಲು ಬರೀಲಿ, ಕುಮಟಾದ್ದು ನೀವು ಬರೀರಿ.